ಸರ್ವಧರ್ಮ ಸೌಹಾರ್ದ ಸಪ್ತಾಹವನ್ನು ಕಾಲೇಜಿನಲ್ಲಿ ಹೇಗೆ ನಡೆಸಬೇಕು?

ಪ್ರಶ್ನೆ (ಹಾವೇರಿ):
ವಿಶ್ವಸಂಸ್ಥೆಯು 2010ರ ನಿರ್ಣಯದಂತೆ ಪ್ರತಿವರ್ಷ ಫೆಬ್ರವರಿ ಮೊದಲ ವಾರವನ್ನು ಸರ್ವಧರ್ಮ ಸೌಹಾರ್ದ ಸಪ್ತಾಹವಾಗಿ ಆಚರಿಸುತ್ತದೆ. ಬರೀ ಭಾಷಣಗಳಲ್ಲಿ ಮುಗಿಸದೆ ನಮ್ಮ ಕಾಲೇಜಿನಲ್ಲಿ ಅದನ್ನು ಅರ್ಥಪೂರ್ಣವಾಗಿ ಹೇಗೆ ನಡೆಸಬಹುದೆಂದು ಬಲ್ಲವರು ದಯವಿಟ್ಟು ತಿಳಿಸಿರಿ.

ಉತ್ತರ (ಧಾರವಾಡ):
ಮೊದಲು ಹಕ್ಕನ್ನು ಓದಿಸಿರಿ. 1948ರ ಮಾನವ ಹಕ್ಕುಗಳ ಘೋಷಣೆಯ 18ನೆಯ ವಿಧಿ ನಂಬುವ ಹಕ್ಕಿನೊಡನೆ ಧರ್ಮ ಬದಲಿಸುವ ಹಕ್ಕನ್ನೂ ಹೇಳುತ್ತದೆ. ನಮ್ಮ ಸಂವಿಧಾನದ 25ನೆಯ ವಿಧಿಯು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟು ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಸಮನಾಗಿ ಕೊಡುತ್ತದೆ. ಇದನ್ನು ಬಿಟ್ಟು ಬರೀ ಸೌಹಾರ್ದವೆಂದರೆ, ಸಣ್ಣ ಸಮುದಾಯದವರು ಬಾಯಿ ಮುಚ್ಚಿಕೊಂಡಿರಬೇಕೆಂದೇ ಅರ್ಥವಾದೀತು.

ಉತ್ತರ (ಶಿಗ್ಗಾವಿ):
ವಿದ್ಯಾರ್ಥಿಗಳನ್ನು ಶಿಶುನಾಳಕ್ಕೂ ಕರೆತನ್ನಿರಿ. ಕಳಸದ ಗೋವಿಂದ ಭಟ್ಟರನ್ನು ಗುರುವೆಂದು ಒಪ್ಪಿದ ಷರೀಫರ ಗದ್ದುಗೆಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಒಬ್ಬರು ಕಾಯಿ ಒಡೆಸಿದರೆ ಇನ್ನೊಬ್ಬರು ಸಕ್ಕರೆ ಓದಿಸುತ್ತಾರೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು ಸರ್. ಮುಂಜಾನೆ ವಿಧಿಗಳ ಓದು, ಮಧ್ಯಾಹ್ನ ಶಿಶುನಾಳ ಎಂದು ಪ್ರಾಚಾರ್ಯರ ಮುಂದಿಡುತ್ತೇನೆ.