ಪುಟ್ಟಿಗೆ ಅತ್ತೆಯ ಉತ್ತರ: ಕೋಚ್ ತೋರಿಸುತ್ತಿರುವ ಸಾಕರ್ ದುಡ್ಡಿನ ವಿಷಯ

ಪುಟ್ಟಿ, ನಿನ್ನ ಸಂದೇಶ ನೋಡಿದೆ. ಇಷ್ಟುದ್ದ ಬೆರಳಿನಲ್ಲಿ ಕುಟ್ಟುವುದು ನನ್ನಿಂದಾಗದು, ಅದಕ್ಕೇ ಮಾತನಾಡಿ ಕಳಿಸುತ್ತಿದ್ದೇನೆ. ತರಕಾರಿ ಹೆಚ್ಚಿಕೊಳ್ಳುತ್ತಾ ಕೇಳು. ಗುಂಪಿನಲ್ಲಿ ಅವಳ ಪ್ರಶ್ನೆ ಓದದವರಿಗೆ ಹೇಳಿಬಿಡುತ್ತೇನೆ. ಇಲ್ಲಿ ಸಾಕರ್ ಎಂದರೆ ನಮ್ಮ ಊರಿನ ಫುಟ್‌ಬಾಲ್, ಬರೀ ಫುಟ್‌ಬಾಲ್ ಎಂದರೆ ಅಮೆರಿಕನ್ ಫುಟ್‌ಬಾಲ್. ಟೆಕ್ಸಾಸ್‌ನ ಫ್ರಿಸ್ಕೋದಲ್ಲಿ ಇವಳ ಮಗ ಆಡುವ ಸಾಕರ್ ಕ್ಲಬ್ಬಿನ ಕೋಚ್ ಪೋಷಕರನ್ನೆಲ್ಲ ಕೂರಿಸಿಕೊಂಡು, ವಿಶ್ವಕಪ್ ಅಮೆರಿಕಕ್ಕೆ ಬಂದಾಯಿತು, ಇನ್ನು ನಾಲ್ಕೈದು ವರ್ಷಗಳಲ್ಲಿ ಕಾಲೇಜು ಸಾಕರ್ ಕೂಡ ಅಮೆರಿಕನ್ ಫುಟ್‌ಬಾಲಿನಂತೆ ದುಡ್ಡು ತರುವ ಆಟವಾಗುತ್ತದೆ, ಕಾಲೇಜುಗಳೇ ನಿಮ್ಮ ಹುಡುಗರಿಗೆ ಸಂಬಳ ಕೊಡುತ್ತವೆ ಎಂದನಂತೆ. ಸಭೆ ಮುಗಿಯುವ ಮೊದಲೇ ಮುಂದಿನ ವರ್ಷದ ಶುಲ್ಕ ಏರಿಸಿದ್ದನ್ನೂ ಹೇಳಿದನಂತೆ. ಕಟ್ಟಬೇಕೋ ಬೇಡವೋ ಎಂದು ಇವಳಿಗೆ ನಿದ್ದೆಯಿಲ್ಲ. ಮೊದಲು ನಿದ್ದೆ ಮಾಡು ತಾಯಿ.

ನಿನ್ನ ಭಾವನ, ಅಂದರೆ ನನ್ನ ಮಗನ, ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದೇ. ಆದರೆ ಗೊತ್ತಿದೆ ಎನ್ನುವವರಿಗೆ ಅರ್ಧವೇ ಗೊತ್ತು, ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ. ಅವನು ಹೈಸ್ಕೂಲ್ ತಂಡದಲ್ಲಿ ಎಡಬದಿಯ ಡಿಫೆಂಡರ್. ಎಡಗಾಲಿನಲ್ಲಿ ಚೆನ್ನಾಗಿ ಆಡುವವರು ಕಡಿಮೆ, ಹಾಗಾಗಿ ಕೋಚ್‌ಗಳು ಅವನ ಬೆನ್ನು ಬಿದ್ದರು. ಅವರಲ್ಲೊಬ್ಬ, ಕಾಲೇಜಿನ ಹೆಸರು ಬೇಡ, ನಮ್ಮ ಮನೆಗೇ ಬಂದು ನಾನು ಮಾಡಿದ ಚಿತ್ರಾನ್ನವನ್ನು ಎರಡು ಸಲ ಹಾಕಿಸಿಕೊಂಡು ತಿಂದ. ಆಗ 1994ರ ವಿಶ್ವಕಪ್ ಈ ದೇಶದಲ್ಲಿ ನಡೆದು ಕೆಲವೇ ವರ್ಷಗಳಾಗಿದ್ದವು. ಪಂದ್ಯಕ್ಕೆ ಸರಾಸರಿ 68 ಸಾವಿರಕ್ಕೂ ಹೆಚ್ಚು ಜನ ಬಂದಿದ್ದ ವಿಶ್ವಕಪ್ ಅದು. 1996ರಲ್ಲಿ ಇಲ್ಲಿನ ವೃತ್ತಿಪರ ಸಾಕರ್ ಲೀಗ್ ಎಂಎಲ್‌ಎಸ್ ಕೂಡ ಶುರುವಾಗಿತ್ತು. ಆ ಪುಣ್ಯಾತ್ಮ ನಮ್ಮ ಸೋಫಾದ ಮೇಲೆ ಕುಳಿತು ಏನು ಹೇಳಿದ ಗೊತ್ತೇ? ಇನ್ನು ನಾಲ್ಕೈದು ವರ್ಷ, ಆಮೇಲೆ ಕಾಲೇಜು ಸಾಕರ್‌ನಲ್ಲಿ ದುಡ್ಡೇ ದುಡ್ಡು ಎಂದ! ನಿನ್ನ ಕೋಚ್ ಆಗ ಹುಟ್ಟಿದ್ದನೋ ಇಲ್ಲವೋ, ಮಾತು ಮಾತ್ರ ಅದೇ.

ಮೊದಲ ವರ್ಷ ಕಾಲೇಜು ಶುಲ್ಕದಲ್ಲಿ ಕಾಲು ಭಾಗ ಮನ್ನಾ, ಎರಡನೆಯ ವರ್ಷ ಅರ್ಧ, ಮೂರನೆಯ ವರ್ಷದಿಂದ ಪೂರ್ತಿ ಎಂದು ಬಾಯಲ್ಲಿ ಹೇಳಿದ. ಕಾಗದದಲ್ಲಿ ಇದ್ದದ್ದು ಮೊದಲ ವರ್ಷದ ಕಾಲು ಭಾಗ ಮಾತ್ರ. ಉಳಿದದ್ದನ್ನೂ ಬರೆಸಿಕೊಳ್ಳಿ ಎಂದು ನಾನು ಅಡುಗೆಮನೆಯಿಂದಲೇ ಸನ್ನೆ ಮಾಡಿದೆ. ನಿನ್ನ ಮಾವ ಆಮೇಲೆ ನನಗೇ, ಮನೆಗೆ ಬಂದು ಉಂಡವನ ಮೇಲೆ ಸಂಶಯವೇ ಎಂದು ಗದರಿದರು. ಪುರುಷರ ಸಾಕರ್ ತಂಡಕ್ಕೆ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಇಟ್ಟಿದ್ದ ಮಿತಿ ಒಟ್ಟು 9.9 ವಿದ್ಯಾರ್ಥಿವೇತನ. ಅಷ್ಟನ್ನೂ ಕೊಡುವ ಶಕ್ತಿ ಎಲ್ಲ ಕಾಲೇಜುಗಳಿಗೂ ಇರಲಿಲ್ಲ. ಇದ್ದುದನ್ನೇ ಚೂರು ಮಾಡಿ ಇಡೀ ತಂಡಕ್ಕೆ ಹಂಚಬೇಕು. ಅದೇ ಅಮೆರಿಕನ್ ಫುಟ್‌ಬಾಲಿಗಾದರೆ 85 ಜನಕ್ಕೆ ಪೂರ್ತಿ. ಹೀಗಿರುವಾಗ ನಮ್ಮ ಹುಡುಗನಿಗೆ ಪೂರ್ತಿ ಎಲ್ಲಿಂದ ಬರಬೇಕು? ಎರಡನೆಯ ವರ್ಷವೂ ಕಾಲು ಭಾಗವೇ ಆಯಿತು. ಆ ವಸಂತದಲ್ಲಿ ಹುಡುಗರನ್ನೆಲ್ಲ ಒಂದು ಕೋಣೆಗೆ ಕರೆದು, ಖರ್ಚು ತೂಗುವುದಿಲ್ಲ, ತಂಡವನ್ನು ರದ್ದು ಮಾಡಿದ್ದೇವೆ ಎಂದರು. ಕೋಚ್ ಅಷ್ಟರಲ್ಲಿ ಬೇರೆ ಕಡೆ ಕೆಲಸ ಹಿಡಿದಾಗಿತ್ತು. ಅದಾದ ಮೇಲೆ ಕ್ರೀಡಾ ವಿಭಾಗದಿಂದ ನಮ್ಮ ಮನೆಗೆ ಬಂದದ್ದು ಒಂದೇ ಒಂದು ಕಾಗದ. ತರಬೇತಿಯ ಉಡುಪು ಹಿಂದಿರುಗಿಸಿಲ್ಲ, ಇಷ್ಟು ಡಾಲರ್ ಕಟ್ಟಿ ಎಂಬ ಬಿಲ್ಲು. ಅದನ್ನು ಮಾತ್ರ ಮರೆಯದೆ ಬರೆದು ಕಳಿಸಿದ್ದರು. ಅದೇ ಬೇಸಿಗೆಯಲ್ಲಿ ಫುಟ್‌ಬಾಲ್ ಮೈದಾನಕ್ಕೆ ಹೊಸ ಸ್ಕೋರ್‌ಬೋರ್ಡ್ ಬಂತು.

ಆದ್ದರಿಂದ ಪುಟ್ಟಿ, ಕೋಚ್ ಬಾಯಲ್ಲಿ ಹೇಳಿದ್ದನ್ನು ನಂಬಬೇಡ. ಏನಿದ್ದರೂ ಕಾಗದದಲ್ಲಿ ಬರೆಸಿಕೊ.

ಈಗ ದುಡ್ಡಿನ ವಿಷಯ. ನಾನು ಇನ್ನೊಂದು ವಿಶ್ವವಿದ್ಯಾಲಯದ ಲೆಕ್ಕಪತ್ರ ವಿಭಾಗದಲ್ಲಿ ನಿವೃತ್ತಿಯವರೆಗೆ ದುಡಿದವಳು, ಕ್ರೀಡೆಯ ಲೆಕ್ಕವೂ ನನ್ನ ಮೇಜಿನ ಮೇಲೆ ಬರುತ್ತಿತ್ತು. ಹಾಲು ಕೊಡುವ ಹಸುಗಳು ಎರಡೇ, ಅಮೆರಿಕನ್ ಫುಟ್‌ಬಾಲ್ ಮತ್ತು ಪುರುಷರ ಬ್ಯಾಸ್ಕೆಟ್‌ಬಾಲ್. ಉಳಿದವೆಲ್ಲ ಅದೇ ಕೊಟ್ಟಿಗೆಯಲ್ಲಿ ನಿಂತು ಮೇಯುತ್ತವೆ. ಪುರುಷರ ಬ್ಯಾಸ್ಕೆಟ್‌ಬಾಲಿನ ಮಾರ್ಚ್ ಟೂರ್ನಿಯೊಂದರ ಟಿವಿ ಹಕ್ಕಿಗೇ ವರ್ಷಕ್ಕೆ ಸುಮಾರು 110 ಕೋಟಿ ಡಾಲರ್. ಮಹಿಳಾ ಬ್ಯಾಸ್ಕೆಟ್‌ಬಾಲನ್ನೂ ಸೇರಿಸಿಕೊಂಡು 40 ಚಾಂಪಿಯನ್‌ಶಿಪ್‌ಗಳನ್ನು ಒಂದೇ ಗಂಟು ಕಟ್ಟಿ ಇಎಸ್‌ಪಿಎನ್ ಟಿವಿಗೆ 2024ರಲ್ಲಿ ಮಾರಿದರಲ್ಲ, ಅದಕ್ಕೆ ಸಿಕ್ಕಿದ್ದು ಎಂಟು ವರ್ಷಕ್ಕೆ 92 ಕೋಟಿ. ಒಂದು ಟೂರ್ನಿಯ ಒಂದು ವರ್ಷದ ಬೆಲೆ, ನಲವತ್ತರ ಎಂಟು ವರ್ಷದ ಬೆಲೆಗಿಂತ ಹೆಚ್ಚು. ಇದನ್ನು ನಿನ್ನ ಕೋಚ್ ಸಭೆಯಲ್ಲಿ ಹೇಳಿದನೇ?

ಕಾಲೇಜೇ ಸಂಬಳ ಕೊಡುತ್ತದೆ ಎನ್ನುವುದು ಪೂರ್ತಿ ಸುಳ್ಳಲ್ಲ. ಆಟಗಾರರು ಎನ್‌ಸಿಎಎ ಮೇಲೆ ಹೂಡಿದ ಮೊಕದ್ದಮೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿಗೆ ಕೊಟ್ಟ ರಾಜಿಯ ಪ್ರಕಾರ ಕಾಲೇಜುಗಳು ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು, ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಮಿತಿ ಸುಮಾರು 2.05 ಕೋಟಿ ಡಾಲರ್. ಆದರೆ ಅದರಲ್ಲಿ ಸಿಂಹಪಾಲು ಫುಟ್‌ಬಾಲಿಗೆ, ಆಮೇಲೆ ಪುರುಷರ ಬ್ಯಾಸ್ಕೆಟ್‌ಬಾಲಿಗೆ. ಸಾಕರ್‌ವರೆಗೆ ಬರುವಾಗ ತಳ ಕೆರೆಯಬೇಕು. ಅದೇ ರಾಜಿಯಲ್ಲಿ 9.9ರ ಮಿತಿ ತೆಗೆದು, ಸಾಕರ್ ತಂಡದಲ್ಲಿ 28 ಜನ ಇರಬಹುದು, ಬೇಕಾದರೆ ಎಲ್ಲರಿಗೂ ಪೂರ್ತಿ ವಿದ್ಯಾರ್ಥಿವೇತನ ಕೊಡಿ ಎಂದರು. ಕೊಡಬಹುದು ಎನ್ನುವುದಕ್ಕೂ ಕೊಡುತ್ತಾರೆ ಎನ್ನುವುದಕ್ಕೂ ಎಷ್ಟು ದೂರ ಎನ್ನುವುದನ್ನು ನಾನು ಬಜೆಟ್ ಸಭೆಗಳಲ್ಲಿ ಕಣ್ಣಾರೆ ನೋಡಿದ್ದೇನೆ.

ಅಳಿಯಂದಿರು ನೆಬ್ರಾಸ್ಕದ ವಾಲಿಬಾಲ್ ವಿಡಿಯೊ ಹಾಕಿದ್ದಾರೆ. 2023ರ ಆಗಸ್ಟ್‌ನಲ್ಲಿ ಫುಟ್‌ಬಾಲ್ ಸ್ಟೇಡಿಯಂ ತುಂಬಿ 92,003 ಜನ ಬಂದರು, ನಿಜ. ಆದರೆ ಆಗ ನೆಬ್ರಾಸ್ಕದಲ್ಲಿ ದೊಡ್ಡ ವೃತ್ತಿಪರ ತಂಡ ಯಾವ ಆಟಕ್ಕೂ ಇರಲಿಲ್ಲ. ಆ ರಾಜ್ಯಕ್ಕೆ ಕಾಲೇಜೇ ಎಲ್ಲ, ಆ ವಾಲಿಬಾಲ್ ತಂಡವನ್ನು ದಶಕಗಳ ಕಾಲ ಕಟ್ಟಿದ್ದಾರೆ. ಸಾಕರ್ ಕಥೆ ಉಲ್ಟಾ. ಇದಕ್ಕೆ ನಮ್ಮ ಒಹಾಯೊದ್ದೇ ಸಾಕ್ಷಿ ಇದೆ. ಎಫ್‌ಸಿ ಸಿನ್ಸಿನ್ನಾಟಿ ಎಂಬ ವೃತ್ತಿಪರ ಕ್ಲಬ್ 2016ರಲ್ಲಿ ಆಟ ಶುರು ಮಾಡಿ ಸಿನ್ಸಿನ್ನಾಟಿ ವಿಶ್ವವಿದ್ಯಾಲಯದ ನಿಪ್ಪರ್ಟ್ ಸ್ಟೇಡಿಯಂನಲ್ಲೇ ಆಡುತ್ತಿತ್ತು. ಸಾವಿರಾರು ಜನ ಕೇಸರಿ ನೀಲಿ ಬಟ್ಟೆ ತೊಟ್ಟು ಬರುತ್ತಿದ್ದರು, ನಾವೂ ಹೋಗಿದ್ದೇವೆ. 2019ಕ್ಕೆ ಆ ಕ್ಲಬ್ ಎಂಎಲ್‌ಎಸ್ ಸೇರಿತು. 2020ರ ಏಪ್ರಿಲ್‌ನಲ್ಲಿ ಅದೇ ವಿಶ್ವವಿದ್ಯಾಲಯ ತನ್ನ ಪುರುಷರ ಸಾಕರ್ ತಂಡವನ್ನು ಮುಚ್ಚಿತು. ಊರು ತುಂಬ ಸಾಕರ್ ಹುಚ್ಚು, ಕಾಲೇಜಿನಲ್ಲಿ ತಂಡವೇ ಇಲ್ಲ. ಜನಕ್ಕೆ ಆಟ ಬೇಡವಾಗಿತ್ತೆಂದು ಯಾರಾದರೂ ಹೇಳಲಿ ನೋಡೋಣ. ಅವರಿಗೆ ಬೇಡವಾಗಿದ್ದದ್ದು ಕಾಲೇಜಿನ ಆಟ.

ಕಾರಣ ಕಷ್ಟದ್ದೇನಲ್ಲ. ಅಮೆರಿಕನ್ ಫುಟ್‌ಬಾಲಿನಲ್ಲಿ ಹೈಸ್ಕೂಲ್ ಮುಗಿದು ಮೂರು ವರ್ಷವಾಗುವವರೆಗೆ ಅದರ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಬಾಗಿಲು ತೆರೆಯುವುದಿಲ್ಲ. ಬ್ಯಾಸ್ಕೆಟ್‌ಬಾಲಿನಲ್ಲಿ ಒಂದು ವರ್ಷ. ಹಾಗಾಗಿ ಮುಂದಿನ ತಾರೆಯನ್ನು ನೋಡಬೇಕಾದರೆ ಜನ ಕಾಲೇಜು ಪಂದ್ಯವನ್ನೇ ನೋಡಬೇಕು. ಸಾಕರ್‌ಗೆ ಆ ಬಾಗಿಲೇ ಇಲ್ಲ. ಕವಾನ್ ಸಲಿವನ್ ಎಂಬ ಹುಡುಗ 2024ರಲ್ಲಿ ಫಿಲಡೆಲ್ಫಿಯಾ ಪರ ಎಂಎಲ್‌ಎಸ್ ಪಂದ್ಯಕ್ಕೆ ಇಳಿದಾಗ ಅವನಿಗೆ ಹದಿನಾಲ್ಕು. ಅಮೆರಿಕದ ತಾರೆ ಪುಲಿಸಿಕ್ ಹದಿಹರೆಯದಲ್ಲೇ ಜರ್ಮನಿಗೆ ಹೋದ. ಕೆನೆಯನ್ನು ಕ್ಲಬ್ಬುಗಳು ಹದಿನಾರರೊಳಗೇ ತೆಗೆದುಕೊಂಡು ಹೋದ ಮೇಲೆ ಟಿವಿಯವರು ಕಾಲೇಜಿಗೆ ಏಕೆ ದುಡ್ಡು ಸುರಿಯುತ್ತಾರೆ? ಮೇಲಾಗಿ 45 ನಿಮಿಷ ಜಾಹೀರಾತಿಗೆ ಜಾಗವಿಲ್ಲದ ಆಟ, ಅದರ ಕಾಲವೂ ಆಗಸ್ಟ್‌ನಿಂದ ಡಿಸೆಂಬರ್, ಅಂದರೆ ಫುಟ್‌ಬಾಲಿನ ಎದುರಿಗೇ. ಇಡೀ ಶೈಕ್ಷಣಿಕ ವರ್ಷಕ್ಕೆ ಹರಡೋಣ ಎಂದು ಮೇರಿಲ್ಯಾಂಡ್‌ನ ಕೋಚ್ ಸಾಶೊ ಚಿರೋವ್‌ಸ್ಕಿ ವರ್ಷಗಟ್ಟಲೆ ಕೂಗಿದ್ದಾರೆ. ಒಳ್ಳೆಯ ಮಾತೇ. ಹುಡುಗರ ಮಂಡಿಗೆ ಒಳ್ಳೆಯದು. ಗಲ್ಲಾಪೆಟ್ಟಿಗೆ ಅದರಿಂದ ತುಂಬುತ್ತದೆ ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ನಿನ್ನ ಟೆಕ್ಸಾಸನ್ನೇ ನೋಡು. ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯ, ಎ ಅಂಡ್ ಎಂ, ಟೆಕ್ಸಾಸ್ ಟೆಕ್, ಬೇಲರ್, ಇವುಗಳಲ್ಲಿ ಡಿವಿಷನ್ ಒಂದರ, ಅಂದರೆ ಕಾಲೇಜು ಕ್ರೀಡೆಯ ಮೇಲಿನ ದರ್ಜೆಯ, ಪುರುಷರ ಸಾಕರ್ ತಂಡ ಯಾವುದಕ್ಕಿದೆ? ಒಂದಕ್ಕೂ ಇಲ್ಲ. ಮಹಿಳೆಯರದು ಎಲ್ಲದರಲ್ಲೂ ಇದೆ. 1972ರ ಟೈಟಲ್ ನೈನ್ ಕಾನೂನು ಗಂಡು ಹೆಣ್ಣಿಗೆ ಸಮ ಅವಕಾಶ ಕೊಡಿ ಎನ್ನುತ್ತದೆ, ಫುಟ್‌ಬಾಲ್ ಒಂದೇ ನೂರು ಹುಡುಗರನ್ನು ನುಂಗುತ್ತದೆ, ಆಮೇಲೆ ಉಳಿದ ಗಂಡುಹುಡುಗರ ಆಟಕ್ಕೆ ಕತ್ತರಿ. ಕಾನೂನನ್ನು ದೂರಬೇಡಿ, ದೂರಬೇಕಾದರೆ ಆ ನೂರನ್ನು ದೂರಿ. ನಿಮ್ಮ ಹತ್ತಿರ ಇರುವುದು ಡಲ್ಲಾಸ್‌ನ ಎಸ್‌ಎಂಯು ವಿಶ್ವವಿದ್ಯಾಲಯ, ಅಲ್ಲಿ ಒಳ್ಳೆಯ ತಂಡವಿದೆ. ಆದರೆ ಅಲ್ಲಿ ನಿನ್ನ ಮಗನ ಜೊತೆ ಪೈಪೋಟಿಗೆ ನಿಲ್ಲುವವರು ಫ್ರಿಸ್ಕೋದ ಹುಡುಗರಷ್ಟೇ ಅಲ್ಲ, ಯೂರೋಪಿನ ಅಕಾಡೆಮಿಗಳಲ್ಲಿ ಪಳಗಿ ಬಂದ ಇಪ್ಪತ್ತರ ಗಂಡಸರು. ಕಾಲೇಜು ಸಾಕರ್ ಎಂದಾದರೂ ದುಡ್ಡಿನ ಮುಖ ನೋಡಿದರೆ ಮೊದಲು ನೋಡುವುದು ಹೆಣ್ಣುಮಕ್ಕಳ ತಂಡವೇ ಎಂದು ನನ್ನ ಅನಿಸಿಕೆ. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ತಂಡದಂಥ ಹೆಸರು ಗಂಡಸರ ಸಾಕರ್‌ನಲ್ಲಿ ಯಾವುದಿದೆ ಹೇಳಿ.

ಹಾಗಾಗಿ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಕೋಚ್ ಮೂಗಿಗೆ ತುಪ್ಪ ಸವರುತ್ತಿದ್ದಾನೆ. ಬಾಯಿಮಾತನ್ನು ನಂಬಬೇಡ, ಕಾಗದದಲ್ಲಿ ಬರೆಸಿಕೊ. ಚಿತ್ರಾನ್ನ ತಿಂದು ಹೋದವನೇ ಕೈಕೊಟ್ಟ, ಇವನು ನಿನ್ನ ಮನೆಗೆ ನೀರು ಕುಡಿಯಲೂ ಬಂದಿಲ್ಲ.

ಇನ್ನೊಂದು ಹೇಳಬೇಕು. ನನ್ನ ಅಣ್ಣ, ನಿನ್ನ ಅಪ್ಪ, ಈ ಗುಂಪಿನಲ್ಲಿದ್ದಾನೆ, ಕೇಳಿಸಿಕೊಳ್ಳಲಿ. ನಮ್ಮ ಹುಡುಗನ ತಂಡ ಮುಚ್ಚಿದ ವಾರ ನಾನು ಶಿವಮೊಗ್ಗಕ್ಕೆ ಫೋನ್ ಮಾಡಿದೆ. ಆಗ ನಿಮಿಷಕ್ಕೆ ಎಷ್ಟು ದುಡ್ಡು ಎನ್ನುವುದು ನಿಮಗೆಲ್ಲ ನೆನಪಿರಬಹುದು. ಹುಡುಗ ಕೋಣೆಯಿಂದ ಹೊರಗೆ ಬರುತ್ತಿಲ್ಲ, ನೀನೊಂದು ಮಾತು ಆಡು ಎಂದೆ. ಅಣ್ಣ ಏನೆಂದ? "ಒಳ್ಳೆಯದೇ ಆಯಿತು ಬಿಡು, ಇನ್ನಾದರೂ ಓದುತ್ತಾನೆ." ಅಷ್ಟೇ, ಫೋನನ್ನು ಅತ್ತಿಗೆಗೆ ಕೊಟ್ಟ. ಮದುವೆ ಮುಂಜಿಯಲ್ಲಿ ನನ್ನನ್ನು ಪರಿಚಯಿಸುವಾಗ, ಇವಳ ಮಗ ಚೆಂಡು ಒದೆಯಲು ಅಮೆರಿಕದ ಕಾಲೇಜಿಗೆ ದುಡ್ಡು ಕಟ್ಟಿದವನು ಎಂದು ಎಲ್ಲರೂ ನಕ್ಕಿದ್ದೂ ನನಗೆ ನೆನಪಿದೆ. ಈಗ ನೋಡಿದರೆ ದಿನಾ ಬೆಳಿಗ್ಗೆ ಸುಪ್ರಭಾತದ ಜೊತೆಗೆ ಮೆಸ್ಸಿಯ ವಿಡಿಯೊ ಕಳಿಸುವವನೂ ಅವನೇ! ಮೊಮ್ಮಗ ಆಡಿದರೆ ಕ್ರೀಡೆ, ಸೋದರಳಿಯ ಆಡಿದರೆ ಚೆಂಡು ಒದೆಯುವುದು. ಇರಲಿ. ಹುಡುಗ ಓದಿ ಸಿವಿಲ್ ಎಂಜಿನಿಯರ್ ಆದ, ಶನಿವಾರ ಮಕ್ಕಳಿಗೆ ಸಾಕರ್ ಕಲಿಸುತ್ತಾನೆ, ಸಂಬಳವಿಲ್ಲದೆ. ಅದನ್ನು ಯಾರೂ ಕೇಳಲೂ ಇಲ್ಲ, ಫಾರ್ವರ್ಡ್ ಮಾಡಲೂ ಇಲ್ಲ.

ಅಯ್ಯೋ, ಮುಖ್ಯವಾದದ್ದನ್ನೇ ಬಿಟ್ಟೆ. ಪುಟ್ಟಿ, ನಿನ್ನ ಮಗ ಹುಟ್ಟಿದ್ದು ಬೆಂಗಳೂರಿನಲ್ಲಿ, ಅಲ್ಲವೇ? ಇನ್ನೂ ಎಚ್-4 ವೀಸಾದಲ್ಲೇ, ಅಂದರೆ ಕೆಲಸದ ವೀಸಾದವರ ಮಕ್ಕಳಿಗೆ ಕೊಡುವ ವೀಸಾದಲ್ಲೇ, ಇದ್ದಾನೆ. ನಮ್ಮ ಹುಡುಗ ಇಲ್ಲೇ ಹುಟ್ಟಿದವನು, ಆ ತಾಪತ್ರಯ ನಮಗಿರಲಿಲ್ಲ. ಎಚ್-4 ಮಕ್ಕಳು ಓದಬಹುದು, ಆಡಬಹುದು, ವಿದ್ಯಾರ್ಥಿವೇತನ ಪಡೆಯಬಹುದು. ದುಡಿಯುವಂತಿಲ್ಲ. ಕಾಲೇಜು ಕೊಡುವ ಪಾಲಿನ ದುಡ್ಡಾಗಲಿ, ಅಂಗಡಿಯವರು ಜಾಹೀರಾತಿಗೆ ಕೊಡುವ ದುಡ್ಡಾಗಲಿ ಮುಟ್ಟುವ ಮೊದಲು ವಲಸೆ ವಕೀಲರನ್ನು ಕೇಳಲೇಬೇಕು, ಇಲ್ಲದಿದ್ದರೆ ವೀಸಾಕ್ಕೇ ಕುತ್ತು. ಫೆಡರಲ್ ಸರ್ಕಾರದ ವಿದ್ಯಾರ್ಥಿ ನೆರವೂ ಎಚ್-4ಗೆ ಇಲ್ಲ. 21 ತುಂಬುವುದರೊಳಗೆ ಗ್ರೀನ್ ಕಾರ್ಡ್ ಬರದಿದ್ದರೆ ಕಾಲೇಜಿನ ಮಧ್ಯದಲ್ಲೇ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಬೇಕು, ಅದರಲ್ಲೂ ದುಡಿಮೆಗೆ ಕಟ್ಟುಪಾಡು. ಕಾಲೇಜು ಸಾಕರ್‌ನಲ್ಲಿ ನಾಳೆಯೇ ಚಿನ್ನದ ಮಳೆ ಸುರಿದರೂ ನಿನ್ನ ಮಗ ಕೊಡೆ ಹಿಡಿದೇ ನಿಲ್ಲಬೇಕಾದೀತು.

ಶುಲ್ಕದ ಬಗ್ಗೆ ಕೇಳಿದೆಯಲ್ಲ. ಹುಡುಗನಿಗೆ ಆಟ ಇಷ್ಟವಿದ್ದರೆ ಆಡಲಿ, ಆ ಖುಷಿಗೆ ಎಷ್ಟು ಕೊಡಬಹುದೋ ಅಷ್ಟು ಕೊಡಿ. ಹೂಡಿಕೆ ಎಂದುಕೊಂಡು ಒಂದು ಡಾಲರ್ ಕೂಡ ಕಟ್ಟಬೇಡಿ. ಇಡೀ ವರ್ಷದ್ದನ್ನು ಒಟ್ಟಿಗೆ ಕೇಳಿದರೆ ಕಂತು ಕೇಳು. ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್ ಎನ್ನುವುದನ್ನೂ ಬರೆಸಿಕೊ. ಅವನದು ಹತ್ತನೆಯ ತರಗತಿ. ಅದು ಮುಗಿದ ಜೂನ್ 15ರವರೆಗೆ ಡಿವಿಷನ್ ಒಂದರ ಕೋಚ್‌ಗಳು ಅವನಿಗೆ ನೇರವಾಗಿ ಬರೆಯುವಂತಿಲ್ಲ, ಯಾರೂ ಬರೆದಿಲ್ಲವೆಂದು ಈಗಲೇ ಅಳಬೇಡ. ಎನ್‌ಸಿಎಎ ಕೇಳುವ 16 ಕೋರ್ ವಿಷಯಗಳು ಅವನ ಪಟ್ಟಿಯಲ್ಲಿ ಸರಿಯಾಗಿ ಕೂರುತ್ತವೆಯೇ ಎಂದು ಶಾಲೆಯ ಕೌನ್ಸೆಲರ್ ಹತ್ತಿರ ಕೇಳು. ಡಿವಿಷನ್ ಮೂರರ ಕಾಲೇಜುಗಳನ್ನೂ ನೋಡು. ಆಟಕ್ಕೆಂದು ಅಲ್ಲಿ ಬಿಡಿಗಾಸಿಲ್ಲ, ಆದರೆ ಓದಿನ ಮೇಲೆ ಕೊಡುವ ಮೆರಿಟ್ ದುಡ್ಡು ಕೆಲವು ಕಡೆ ಸಾಕರ್‌ನವರು ಕೊಡುವ ಕಾಲು ಭಾಗಕ್ಕಿಂತ ದೊಡ್ಡದು. ಅದನ್ನು ಬರೆದೂ ಕೊಡುತ್ತಾರೆ.

ವೀಸಾ ಕಾಗದಗಳನ್ನು ಮುಂದಿಟ್ಟುಕೊಂಡು ಭಾನುವಾರ ಫೋನ್ ಮಾಡು. ಹನ್ನೊಂದರ ಮೇಲೆ ಮಾಡು, ಅದಕ್ಕೂ ಮೊದಲು ನಿನ್ನ ಮಾವನ ಪೂಜೆ ಮುಗಿದಿರುವುದಿಲ್ಲ.