‘ಗೃಹಭಂಗ’ದ ಕಥೆಯನ್ನು ನಡೆಸುವುದು ಅತ್ತೆ–ಸೊಸೆಯರ ವೈರುಧ್ಯವೇ?

ಪ್ರಶ್ನೆ: ಕನ್ನಡ ಅಧ್ಯಾಪಕಿ, ಹಾಸನ

ಎಲ್ಲರಿಗೂ ನಮಸ್ಕಾರ. ಈ ಸಲ ನಮ್ಮ ಪದವಿ ತರಗತಿಯಲ್ಲಿ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ವನ್ನು (1970) ಓದಿಸುತ್ತಿದ್ದೇನೆ. ತಿಪಟೂರು–ಚನ್ನರಾಯಪಟ್ಟಣ ಸೀಮೆಯ ಕಥೆಯಾದ್ದರಿಂದ ಹಾಸನದ ಮಕ್ಕಳಿಗೆ ಅದರ ಭಾಷೆ ತೊಡಕಾಗಿಲ್ಲ. ಅತ್ತೆ ಗಂಗಮ್ಮನ ಬೈಗುಳಗಳಲ್ಲಿ ಎಷ್ಟನ್ನೋ ತಮ್ಮ ಊರಿನ ಅಜ್ಜಿಯರ ಬಾಯಲ್ಲೇ ಕೇಳಿದ್ದೇವೆಂದು ಅವರು ಹೇಳುತ್ತಾರೆ. ತೊಡಕಾಗಿರುವುದು ಬೇರೊಂದು ಕಡೆ. ಪಾತ್ರಗಳ ವೈರುಧ್ಯವನ್ನು ಕುರಿತು ಬರೆದು ತನ್ನಿರೆಂದರೆ, ಬಹುತೇಕ ಎಲ್ಲರೂ ಸೊಸೆ ನಂಜಮ್ಮ ಸಹನೆಯ ಮೂರ್ತಿ, ಗಂಗಮ್ಮ ಬಾಯಿಬಡುಕಿ, ಇವರಿಬ್ಬರ ನಡುವಿನ ಸಂಘರ್ಷವೇ ಕಥೆ ಎಂದು ಬರೆದು ಮುಗಿಸಿದ್ದಾರೆ. ಅದು ಸುಳ್ಳಲ್ಲ. ಆದರೆ ವಿರುದ್ಧ ಸ್ವಭಾವದವರು ಒಂದೇ ಸೂರಿನ ಕೆಳಗಿದ್ದ ಮಾತ್ರಕ್ಕೆ ದಿನವೂ ಜಗಳವಾದೀತೇ ಹೊರತು ಕಥೆ ಮುಂದಕ್ಕೆ ಸಾಗಲಾರದು. ಮೇಲಾಗಿ ಈ ಕಾದಂಬರಿಯ ಅತಿ ದೊಡ್ಡ ಪೆಟ್ಟುಗಳು ಪ್ಲೇಗಿನಿಂದ ಬೀಳುತ್ತವೆ. ನಂಜಮ್ಮನ ಮಕ್ಕಳಾದ ಪಾರ್ವತಿ, ರಾಮಣ್ಣರ ಸಾವಿಗೆ ಯಾರ ಸ್ವಭಾವವೂ ಕಾರಣವಲ್ಲ. ಹಾಗಿದ್ದರೆ ಇಲ್ಲಿ ಕಥೆಯನ್ನು ನಿಜವಾಗಿ ಎಳೆದುಕೊಂಡು ಹೋಗುವ ವೈರುಧ್ಯ ಯಾವುದು? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ನಿವೃತ್ತ ಗ್ರಾಮಲೆಕ್ಕಿಗ, ಚನ್ನರಾಯಪಟ್ಟಣ

ಮೇಡಂ ಅವರಿಗೆ ನಮಸ್ಕಾರ. ನಾನು ಸಾಹಿತ್ಯ ಓದಿದವನಲ್ಲ, ಕಂದಾಯ ಇಲಾಖೆಯಲ್ಲಿ ದುಡಿದವನು. ಆದ್ದರಿಂದಲೇ ಇರಬೇಕು, ಈ ಕಾದಂಬರಿಯಲ್ಲಿ ನನ್ನ ಕಣ್ಣು ಮೊದಲು ಬಿದ್ದದ್ದು ಶ್ಯಾನುಭೋಗಿಕೆಯ, ಅಂದರೆ ಊರಿನ ಕಂದಾಯದ ಲೆಕ್ಕ ಬರೆಯುವ ಹುದ್ದೆಯ, ಪುಸ್ತಕಗಳ ಮೇಲೆ. ಅತ್ತೆ–ಸೊಸೆಯರಿಗಿಂತ ಗಂಡ–ಹೆಂಡಿರ ವೈರುಧ್ಯವೇ ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆಯೆಂದು ನನಗೆ ಅನ್ನಿಸುತ್ತದೆ.

ಶ್ಯಾನುಭೋಗಿಕೆ ಆ ಕಾಲದಲ್ಲಿ ವಂಶಪಾರಂಪರ್ಯದ ಹುದ್ದೆ. ಅಪ್ಪನ ನಂತರ ಮಗನಿಗೆ, ಅವನು ದಡ್ಡನಾದರೂ ಸೋಮಾರಿಯಾದರೂ ಅವನಿಗೇ. ಆ ಪದ್ಧತಿ ನಮ್ಮ ರಾಜ್ಯದಲ್ಲಿ ಕೊನೆಗೊಂಡದ್ದು 1961ರ ಕಾಯ್ದೆಯಿಂದ. ಕಾದಂಬರಿಯ ಕಾಲ ಅದಕ್ಕೂ ಬಹಳ ಹಿಂದಿನದು. ನಂಜಮ್ಮನ ಗಂಡ ಚೆನ್ನಿಗರಾಯನಿಗೆ ಲೆಕ್ಕ ಬರೆಯಲು ಬಾರದು, ಆದರೆ ಹುದ್ದೆ ಅವನದು. ನಂಜಮ್ಮ ಕಲಿತು ಅಚ್ಚುಕಟ್ಟಾಗಿ ಬರೆಯುತ್ತಾಳೆ, ಆದರೆ ಹುದ್ದೆ ಅವಳದಲ್ಲ. ಒಂದೇ ಪುಸ್ತಕದ ಮೇಲೆ ದುಡಿಯುವ ಕೈ ಒಬ್ಬರದು, ರುಜು ಇನ್ನೊಬ್ಬರದು, ವರ್ಷಕ್ಕೊಮ್ಮೆ ಬರುವ ಪೋಟಿಗೆಯ (ಆ ಹುದ್ದೆಯ ಸಂಭಾವನೆಯ) ಹಣವೂ ರುಜು ಹಾಕಿದವನದು. ಇಬ್ಬರದೂ ಬೇರೆ ಬೇರೆ ಕೆಲಸವಾಗಿದ್ದರೆ ಅವರ ಸ್ವಭಾವಗಳು ಅಕ್ಕಪಕ್ಕದಲ್ಲಿ ಸುಮ್ಮನೆ ಇದ್ದುಬಿಡುತ್ತಿದ್ದವು. ಇಲ್ಲಿ ಹಾಗಿಲ್ಲ. ನಂಜಮ್ಮ ಹೆಚ್ಚು ದುಡಿದಷ್ಟೂ ಚೆನ್ನಿಗರಾಯ ಇನ್ನಷ್ಟು ನಿಶ್ಚಿಂತನಾಗುತ್ತಾನೆ, ಅವನು ನಿಶ್ಚಿಂತನಾದಷ್ಟೂ ಅವಳು ಇನ್ನೊಂದು ದಾರಿ ಹುಡುಕಬೇಕಾಗುತ್ತದೆ. ಮುತ್ತುಗದ ಎಲೆ ಹಚ್ಚಿ ಮಾರುವುದು, ಸ್ವಂತಕ್ಕೊಂದು ಮನೆ ಕಟ್ಟಿಸಿಕೊಳ್ಳಬೇಕೆಂಬ ಹಟ, ಮಕ್ಕಳ ಓದಿನ ಚಿಂತೆ, ಎಲ್ಲವೂ ಇದೇ ತಿರುಗಣಿಯಿಂದ ಒಂದರ ಹಿಂದೊಂದು ಹೊರಬರುತ್ತವೆ. ತನ್ನ ಯೋಗ್ಯತೆಯೇ ಗಂಡನ ಸೋಮಾರಿತನಕ್ಕೆ ಆಸರೆಯಾಗುತ್ತಿದೆಯೆಂದು ತಿಳಿದರೂ ಅವಳು ಬರೆಯುವುದನ್ನು ನಿಲ್ಲಿಸುವಂತಿಲ್ಲ, ಏಕೆಂದರೆ ನಿಲ್ಲಿಸಿದ ದಿನ ಹಸಿಯುವುದು ಮಕ್ಕಳ ಹೊಟ್ಟೆ.

ಗಂಗಮ್ಮನ ಪಾತ್ರ ಇದರ ಹಿನ್ನೆಲೆಯಲ್ಲಿದೆ. ಜಮೀನು ಪಟೇಲ ಶಿವೇಗೌಡನಿಗೆ ಅಡವು ಬಿದ್ದದ್ದು ಅವಳ ಆಡಳಿತದಲ್ಲಿ. ಅದನ್ನು ಬಿಡಿಸಿಕೊಳ್ಳಲು ಸೊಸೆ ಹೇಳುವ ಮಾತು ಅತ್ತೆಗೂ ಮಗನಿಗೂ ಅಧಿಕಪ್ರಸಂಗವಾಗಿ ಕೇಳಿಸುತ್ತದೆ. ಆ ಜಮೀನು ಕೈಯಲ್ಲಿದ್ದಿದ್ದರೆ ಮುಂದಿನ ಕಥೆಯೇ ಬೇರೆಯಾಗುತ್ತಿತ್ತು.

ಉತ್ತರ 2: ಓದುಗ, ಚಿಕ್ಕಮಗಳೂರು

ಹಿರಿಯರು ಲೆಕ್ಕದ ಪುಸ್ತಕದ ಬಗ್ಗೆ ಬರೆದದ್ದನ್ನು ಓದಿ ಕಾದಂಬರಿಯನ್ನು ಮತ್ತೆ ತೆರೆದೆ. ಆ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಅದು ನಂಜಮ್ಮ ಬದುಕಿರುವವರೆಗಿನ ಕಥೆಗೆ ಹೊಂದುತ್ತದೆ. ಅವಳೂ ಪ್ಲೇಗಿಗೆ ಬಲಿಯಾದ ಮೇಲೆ ಕಾದಂಬರಿ ನಿಂತುಬಿಡುವುದಿಲ್ಲ. ಅಲ್ಲಿಂದ ಮುಂದೆ ಅದನ್ನು ನಡೆಸುವ ವೈರುಧ್ಯ ಬೇರೆ, ಅದು ಚೆನ್ನಿಗರಾಯನಿಗೂ ಮಾದೇವಯ್ಯನವರಿಗೂ ನಡುವಿನದು.

ಮಾದೇವಯ್ಯನವರು ಭಿಕ್ಷೆ ಎತ್ತಿ ಬದುಕುವ ಜಂಗಮರು. ಹೆಂಡತಿಯಿಲ್ಲ, ಮಕ್ಕಳಿಲ್ಲ, ತಮ್ಮದೆಂಬ ಮನೆಯಿಲ್ಲ, ಜಾತಿಯಿಂದ ನಂಜಮ್ಮನ ಮನೆಗೆ ಹೊರಗಿನವರು. ಚೆನ್ನಿಗರಾಯನಿಗೆ ಹೆಂಡತಿಯಿದ್ದಳು, ಮಕ್ಕಳಿದ್ದರು, ಹುದ್ದೆಯಿತ್ತು. ಮಕ್ಕಳು ತೀರಿಕೊಂಡ ಮೇಲೂ ಅವನು ಬದಲಾಗಲಿಲ್ಲ. ತಾಯಿಯಿಲ್ಲದೆ ಉಳಿದ ಮಗ ವಿಶ್ವನನ್ನು ಕೊನೆಗೆ ಕೈಹಿಡಿದು ಕರೆದೊಯ್ಯುವವರು ಮಾದೇವಯ್ಯನವರು. ಗೃಹಸ್ಥನಾದವನು ಬಿಟ್ಟದ್ದನ್ನು ಗೃಹವೇ ಇಲ್ಲದವರು ಎತ್ತಿಕೊಳ್ಳುತ್ತಾರೆ. ಕಾದಂಬರಿಯ ಹೆಸರಿನ ತೂಕ ನನಗೆ ಅರಿವಾದದ್ದು ಅಲ್ಲಿ. ಮೊದಲಿನಿಂದಲೂ ಈ ಇಬ್ಬರನ್ನು ಒಂದೇ ಊರಿನಲ್ಲಿ ಎದುರುಬದುರಾಗಿ ಇರಿಸದೆ ಹೋಗಿದ್ದರೆ, ಆ ಕೊನೆ ನಂಬುವಂತೆ ಇರುತ್ತಿರಲಿಲ್ಲ.

ಪ್ಲೇಗಿನ ಬಗ್ಗೆ ನೀವು ಕೇಳಿದ್ದಕ್ಕೂ ಒಂದು ಮಾತು. ಮೈಸೂರು ಸಂಸ್ಥಾನಕ್ಕೆ 1898ರಲ್ಲಿ ಕಾಲಿಟ್ಟ ಆ ರೋಗ ದಶಕಗಳ ಕಾಲ ಮತ್ತೆ ಮತ್ತೆ ಬಂದು ಹೋಗುತ್ತಿತ್ತು. ಇಲಿ ಸತ್ತು ಬಿತ್ತೆಂದರೆ ಊರಿಗೆ ಊರೇ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದದ್ದನ್ನು ನಮ್ಮ ತಾತ ಹೇಳುತ್ತಿದ್ದರು. ಭೈರಪ್ಪನವರ ತಾಯಿಯೂ ಒಡಹುಟ್ಟಿದವರೂ ಪ್ಲೇಗಿನಿಂದಲೇ ತೀರಿಕೊಂಡರು. ಆದ್ದರಿಂದ ಅದನ್ನು ಕಥೆಯ ಅನುಕೂಲಕ್ಕೆ ತಂದದ್ದೆಂದು ಯಾರೂ ಹೇಳಲಾಗದು. ಸಾವಿಗೆ ಸ್ವಭಾವ ಕಾರಣವಲ್ಲ, ನಿಜ. ಆದರೆ ಸಾವಿನ ಮರುದಿನ ಯಾರು ಏನು ಮಾಡುತ್ತಾರೆಂಬುದಕ್ಕೆ ಸ್ವಭಾವವೇ ಕಾರಣ, ಕಥೆ ಮುಂದುವರಿಯುವುದು ಆ ಮರುದಿನದಿಂದ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ನಾನು ಋಣಿ. ಯಜಮಾನರೇ, ‘ಒಂದೇ ಪುಸ್ತಕ, ಬೇರೆ ಬೇರೆ ಕೈ’ ಎಂಬ ನಿಮ್ಮ ಮಾತನ್ನು ಸೋಮವಾರದ ತರಗತಿಯಲ್ಲಿ ಹಲಗೆಯ ಮೇಲೆ ಬರೆಯುತ್ತೇನೆ. ಲೆಕ್ಕ ಬರೆಯುವ ಪ್ರಸಂಗಗಳನ್ನು ವಿದ್ಯಾರ್ಥಿಗಳೇ ಹುಡುಕಿ ತರಲಿ. ಚೆನ್ನಿಗರಾಯನ ತಮ್ಮ ಅಪ್ಪಣ್ಣಯ್ಯನ ವಿಷಯ ಮಾತ್ರ ನನ್ನಲ್ಲಿ ಉಳಿದಿದೆ. ಅದೇ ತಾಯಿ, ಅದೇ ಮನೆ, ಅದೇ ಬೈಗುಳ. ಅಣ್ಣ ಕಲ್ಲಾಗಿಯೇ ಉಳಿದರೆ ತಮ್ಮನ ಮನಸ್ಸು ಅತ್ತಿಗೆಯ ಕಡೆಗೆ ಮೆಲ್ಲಗೆ ಕರಗುತ್ತದೆ. ಗಂಗಮ್ಮ ಸಾಕಿದ ರೀತಿಯೇ ಎಲ್ಲಕ್ಕೂ ಕಾರಣವೆಂದು ಬರೆದ ವಿದ್ಯಾರ್ಥಿನಿಗೆ ಈ ಅಣ್ಣತಮ್ಮಂದಿರನ್ನು ಹೇಗೆ ವಿವರಿಸಲಿ?