ಆಡಿಟರ್‌ಗೆ ಕೇಳಿ: ಟ್ರಸ್ಟ್ ಮೂಲಕ ದಾನ, 80ಜಿ, ವಿದೇಶದ ದುಡ್ಡು

ಅಡ್ಮಿನ್: ಜೂನ್ 2025ರ ಪ್ರಶ್ನೋತ್ತರ. ಊರಿನ ಶಾಲೆಗೋ ಆಸ್ಪತ್ರೆಗೋ ದುಡ್ಡು ಕೊಡುವಾಗ ನಡುವೆ ಟ್ರಸ್ಟು, ಸಂಘ, ಆನ್‌ಲೈನ್ ವೇದಿಕೆ ಇರುತ್ತವೆ. ಅವುಗಳ ಬಗ್ಗೆ ಕೇಳಿ. ಟ್ರಸ್ಟ್‌ಗಳ ಲೆಕ್ಕ ನೋಡುವ ಆಡಿಟರ್ ಮೇಡಂ ಉತ್ತರಿಸುತ್ತಾರೆ.

ಹಾಸನದ ಸದಸ್ಯ: ಮೇಡಂ ನಮಸ್ಕಾರ. ಒಂದು ಟ್ರಸ್ಟ್‌ಗೆ 10,000 ಕೊಟ್ಟೆ. 80ಜಿ ಇದೆ ಅಂದರು. ಪೂರ್ತಿ ಟ್ಯಾಕ್ಸ್‌ನಲ್ಲಿ ವಾಪಸ್ ಬರುತ್ತಾ?

ಆಡಿಟರ್: ನಮಸ್ಕಾರ ಸರ್. ಬರಲ್ಲ. 80ಜಿ ಅಂದರೆ ದಾನ ಕೊಟ್ಟಿದ್ದಕ್ಕೆ ಆದಾಯ ತೆರಿಗೆಯಲ್ಲಿ ಸಿಗುವ ವಿನಾಯಿತಿ. ಸಾಮಾನ್ಯ ಟ್ರಸ್ಟ್ ಆದರೆ ಅರ್ಧ, ಅಂದರೆ 5,000 ನಿಮ್ಮ ಆದಾಯದಿಂದ ಕಳೆಯುತ್ತಾರೆ. 20% ಸ್ಲ್ಯಾಬ್‌ನಲ್ಲಿದ್ದರೆ ಉಳಿಯುವುದು ಸುಮಾರು ಸಾವಿರ. ಅದೂ ಹಳೆ ತೆರಿಗೆ ಪದ್ಧತಿಯಲ್ಲಿ ರಿಟರ್ನ್ ಹಾಕಿದರೆ ಮಾತ್ರ. 2,000 ದಾಟಿದ ನಗದಿಗೆ ಏನೂ ಸಿಗಲ್ಲ. ಟ್ರಸ್ಟ್ ಕೈಯಲ್ಲಿ ಬರೆದುಕೊಟ್ಟ ರಸೀದಿ ಸಾಲದು, 10ಬಿಇ ಅನ್ನುವ ದಾನದ ಪ್ರಮಾಣಪತ್ರ ಕೇಳಿ. ಕಳೆದ ಸಾಲಿನದ್ದನ್ನು ಅವರು ಮೇ 31ರೊಳಗೆ ಕೊಡಬೇಕಿತ್ತು.

ಹೊಳಲ್ಕೆರೆ ಮೇಷ್ಟ್ರು: ಮೇಡಂ, ನಮ್ಮದು ಹಳೆ ವಿದ್ಯಾರ್ಥಿಗಳ ಸಣ್ಣ ಟ್ರಸ್ಟ್. ಸರ್ಕಾರಿ ಶಾಲೆಯ ಎರಡು ಕೊಠಡಿ ಸೋರುತ್ತಿವೆ. ಅಮೆರಿಕದಲ್ಲಿರುವ ಮೂವರು ಹಳೆ ವಿದ್ಯಾರ್ಥಿಗಳು ನಮ್ಮ ಉಳಿತಾಯ ಖಾತೆಗೆ ನಾಲ್ಕು ಲಕ್ಷ ಹಾಕಿದ್ದಾರೆ. ನಮಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲ. ಬೆಂಗಳೂರಿನ ಒಂದು ದೊಡ್ಡ ಟ್ರಸ್ಟ್‌ಗೆ ಇದೆ. ಮುಂದಿನ ಕಂತನ್ನು ಅವರ ಮೂಲಕ ತರಿಸಿಕೊಳ್ಳಿ ಅಂತಾರೆ. ಗುತ್ತಿಗೆದಾರರು ನಾಳೆ ಅಡ್ವಾನ್ಸ್ ಕೇಳುತ್ತಿದ್ದಾರೆ.

ಆಡಿಟರ್: ಮೇಷ್ಟ್ರೇ, ಆ ನಾಲ್ಕು ಲಕ್ಷ ಮುಟ್ಟಬೇಡಿ. ಅಡ್ವಾನ್ಸ್ ಬೇಡ, ಬೇರೆ ಖಾತೆಗೂ ಹಾಕಬೇಡಿ. ಮೂವರ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಇವತ್ತೇ ಕೇಳಿ. ಎಲ್ಲವೂ ನಿಂತಿರುವುದು ಅದರ ಮೇಲೆ.

ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟ್ ಪ್ರತಿ ತರಿಸಿ ಫೈಲಿನಲ್ಲಿಡಿ. ಅಮೆರಿಕದ ಪೌರತ್ವ ತೆಗೆದುಕೊಂಡಿದ್ದರೆ ಮಾತು ಬೇರೆ. ಹುಟ್ಟಿದ್ದು ನಿಮ್ಮೂರಲ್ಲೇ ಇರಲಿ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡೇ ಇರಲಿ, ಅವರ ದುಡ್ಡು ವಿದೇಶಿ ದೇಣಿಗೆಯೇ. ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಟ್ರಸ್ಟ್ ಅದನ್ನು ಪಡೆಯುವುದು ಅಪರಾಧ. ರಾಜಿ ಶುಲ್ಕ ಕಟ್ಟಿ ಇತ್ಯರ್ಥ ಮಾಡಿಕೊಳ್ಳುವ ದಾರಿ ಕಾನೂನಿನಲ್ಲಿದೆ. ಆದರೆ ಖರ್ಚು ಮಾಡಿಬಿಟ್ಟರೆ ನಿಮ್ಮ ಕಷ್ಟ ಹೆಚ್ಚುತ್ತದೆ. ಹಣ ಬಂದ ದಿನದ ಬ್ಯಾಂಕ್ ಸ್ಟೇಟ್‌ಮೆಂಟ್, ಟ್ರಸ್ಟ್ ಡೀಡ್ ಹಿಡಿದು ಈ ವಾರವೇ ಎಫ್‌ಸಿಆರ್‌ಎ ಕೆಲಸ ಗೊತ್ತಿರುವ ಆಡಿಟರ್ ಹತ್ತಿರ ಹೋಗಿ.

ದೊಡ್ಡ ಟ್ರಸ್ಟ್ ಹೇಳಿದ ದಾರಿ ಈಗ ಮುಚ್ಚಿದೆ. 2020ರ ಸೆಪ್ಟೆಂಬರ್ ತಿದ್ದುಪಡಿಯ ನಂತರ ಒಂದು ಸಂಸ್ಥೆ ತನಗೆ ಬಂದ ವಿದೇಶಿ ದೇಣಿಗೆಯನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ಆ ಇನ್ನೊಂದಕ್ಕೂ ನೋಂದಣಿ ಇದ್ದರೂ ಅಷ್ಟೇ. ಬೇಕಾದರೆ ಆ ದೊಡ್ಡ ಟ್ರಸ್ಟ್‌ನವರು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರುವ ತಮ್ಮ ಖಾತೆಗೆ ಹಣ ಪಡೆದು, ತಾವೇ ಗುತ್ತಿಗೆದಾರರಿಗೆ ಪಾವತಿಸಿ, ಬಿಲ್ ತಮ್ಮ ಹೆಸರಲ್ಲೇ ಮಾಡಿಸಿ ಕೆಲಸ ಮಾಡಿಸಬಹುದು. ಶಿಕ್ಷಣ ಇಲಾಖೆಯ ಒಪ್ಪಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಜೊತೆ ಮಾತು, ತಾರಸಿ ಮೇಲೆ ನಿಂತು ಕೆಲಸ ನೋಡುವುದು ನಿಮ್ಮದಾಗಲಿ. ಹಣ ಮಾತ್ರ ನಿಮ್ಮ ಖಾತೆಗೆ ಬರಬಾರದು.

ಇದರಿಂದ ಪೆಟ್ಟು ಬಿದ್ದಿರುವುದು ನಿಮ್ಮಂಥ ಸಣ್ಣ ಸಂಸ್ಥೆಗಳಿಗೇ. ನನಗೂ ಬೇಸರವಿದೆ. ಆದರೂ ಕಾನೂನು ಇರುವುದು ಹೀಗೆ.

ಮೈಸೂರು ಸದಸ್ಯೆ: 80ಜಿ ಪೂರ್ತಿ ವಾಪಸ್ ಬರುತ್ತಾ ಮೇಡಂ?

ಆಡಿಟರ್: ಇಲ್ಲ. ಮೇಲೆ ಬರೆದಿದ್ದೇನೆ.

ತುಮಕೂರು ಸದಸ್ಯ: ಈ ನಡುವಿನವರೇ ಬೇಡ. ಅರ್ಧ ದುಡ್ಡು ಅವರ ಸಂಬಳ, ಕಾರಿಗೆ ಹೋಗುತ್ತೆ. ನಾನು ನೇರವಾಗಿ ಶಾಲೆಗೆ ಹೋಗಿ ಬ್ಯಾಗ್ ಹಂಚಿ ಬರ್ತೀನಿ.

ಶಿರಸಿ ಟ್ರಸ್ಟ್ ಕಾರ್ಯಕರ್ತೆ: ಅಣ್ಣ, ನಮ್ಮ ಕಡೆ ಒಂದು ಶಾಲೆಗೆ ಒಂದೇ ಜೂನ್‌ನಲ್ಲಿ ಮೂರು ಕಡೆಯಿಂದ ಬ್ಯಾಗ್ ಬಂತು. ಮೂರರ ಜೊತೆಗೂ ಫೋಟೋ ಆಯ್ತು. ಹುಡುಗಿಯರ ಶೌಚಾಲಯಕ್ಕೆ ನೀರಿನ ಪೈಪೇ ಇರಲಿಲ್ಲ. ಅದನ್ನು ಹೋಗಿ ನೋಡಿ, ಹೆಡ್‌ಮಾಸ್ಟರ್ ಹತ್ತಿರ ಕೂತು ಕೇಳಿ, ಪೈಪ್ ಹಾಕಿಸಿದ್ದು ಸಂಬಳ ತಗೊಳ್ಳೋ ಒಬ್ಬ ಹುಡುಗ.

ತುಮಕೂರು ಸದಸ್ಯ: ಹಾಗಾದ್ರೆ ನಾನು ಕೊಟ್ಟಿದ್ದು ತಪ್ಪಾ?

ಶಿರಸಿ ಟ್ರಸ್ಟ್ ಕಾರ್ಯಕರ್ತೆ: ಕೇಳಿ ಕೊಡಿ ಅಂದೆ ಅಷ್ಟೆ. ಬಸ್ ಚಾರ್ಜು, ಆಡಿಟ್ ಫೀಸು ನಿಮ್ಮಪ್ಪ ಕೊಡ್ತಾರಾ?

ಅಡ್ಮಿನ್: ಮನೆಯವರನ್ನು ಎಳೆಯಬೇಡಿ.

ಆಡಿಟರ್: ಆಡಳಿತ ಖರ್ಚು ಸೊನ್ನೆ ಅನ್ನುವ ಟ್ರಸ್ಟನ್ನು ನಾನು ಮೊದಲು ಅನುಮಾನಿಸುತ್ತೇನೆ. ವಿದೇಶಿ ದೇಣಿಗೆಯಲ್ಲಿ ಆಡಳಿತಕ್ಕೆ 20% ಮಿತಿ ಇದೆ, ಕಂಪನಿಗಳ ಸಿಎಸ್‌ಆರ್‌ನಲ್ಲಿ (ಸಾಮಾಜಿಕ ಹೊಣೆಯ ಖರ್ಚು) ಕಂಪನಿಯ ಆಡಳಿತ ವೆಚ್ಚಕ್ಕೆ 5%. ಅಂದರೆ ಖರ್ಚು ಇರುತ್ತೆ ಅಂತ ಕಾನೂನೇ ಒಪ್ಪಿದೆ. ಆಡಿಟ್ ವರದಿ ಕೇಳಿ. ತೋರಿಸದವರಿಗೆ ಕೊಡಬೇಡಿ.

ದಾವಣಗೆರೆ ಸದಸ್ಯ: ದೇವಸ್ಥಾನದ ಹುಂಡಿಗೆ ಹಾಕಿದ್ದಕ್ಕೆ ವಿನಾಯಿತಿ ಇದೆಯಾ?

ಬಳ್ಳಾರಿ ಸದಸ್ಯ: ಫಾರ್ವರ್ಡ್ ಬಂದಿದೆ: ‘ಮಗುವಿಗೆ ಹೃದಯದ ಆಪರೇಷನ್, ಈ ಕ್ಯೂಆರ್‌ಗೆ ಹಾಕಿ. ಪ್ರತಿ ಶೇರ್‌ಗೆ ಕಂಪನಿ ಹತ್ತು ಪೈಸೆ ಕೊಡುತ್ತೆ.’ ಎಲ್ಲರೂ ಕಳಿಸಿ ಪ್ಲೀಸ್.

ಆಡಿಟರ್: ಕಳಿಸಬೇಡಿ. ಶೇರ್ ಮಾಡಿದರೆ ಯಾವ ಕಂಪನಿಯೂ ದುಡ್ಡು ಕೊಡಲ್ಲ. ಆಸ್ಪತ್ರೆಯ ನಂಬರನ್ನು ನೀವೇ ಹುಡುಕಿ, ಬಿಲ್ಲಿಂಗ್ ಕೌಂಟರ್‌ಗೆ ಫೋನ್ ಮಾಡಿ. ಮಗು ದಾಖಲಾಗಿದ್ದರೆ ಆಸ್ಪತ್ರೆಯ ಖಾತೆಗೇ ಕಟ್ಟಿ. ಬಿಪಿಎಲ್ ಕುಟುಂಬವಾದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಅದನ್ನು ಅವರಿಗೆ ತಿಳಿಸಿ. ಇಂಥ ಮೆಸೇಜ್‌ಗಳಿಂದಲೇ ನಿಜವಾಗಿ ಕಷ್ಟದಲ್ಲಿರುವ ಮಕ್ಕಳಿಗೆ ದುಡ್ಡು ಸಿಗದಂತಾಗಿದೆ.

ಬಳ್ಳಾರಿ ಸದಸ್ಯ: ಒಳ್ಳೇದಕ್ಕೆ ಹಾಕಿದೆ, ಇಷ್ಟು ಸಿಟ್ಯಾಕೆ?

ಬೆಂಗಳೂರು ಸದಸ್ಯ: ಒಬ್ಬರು ಚೆಕ್ ತಗೊಂಡು, 5% ಇಟ್ಟುಕೊಂಡು, ಉಳಿದದ್ದು ನಗದಾಗಿ ವಾಪಸ್ ಕೊಟ್ಟು, 80ಜಿ ರಸೀದಿ ಕೊಡ್ತಾರಂತೆ. ಆಫೀಸಲ್ಲಿ ಎಲ್ಲರೂ ಮಾಡ್ತಿದ್ದಾರೆ.

ಆಡಿಟರ್: ಅದು ತೆರಿಗೆ ವಂಚನೆ. ಟ್ರಸ್ಟ್‌ಗಳು 10ಬಿಡಿ ಫಾರಂನಲ್ಲಿ ನಿಮ್ಮ ಪ್ಯಾನ್ ಹಾಕಿ ಲೆಕ್ಕ ಕೊಡುತ್ತವೆ, ಇಲಾಖೆ ಅದನ್ನು ನಿಮ್ಮ ರಿಟರ್ನ್ ಜೊತೆ ಹೊಂದಿಸಿ ನೋಡುತ್ತದೆ. ಅಂಥ ರಸೀದಿಯನ್ನು ನನ್ನ ಹತ್ತಿರ ತರಬೇಡಿ.

ಉಡುಪಿ ಸದಸ್ಯ: ನಮ್ಮ ಸಂಘಕ್ಕೆ ಒಂದು ದೊಡ್ಡ ಟ್ರಸ್ಟ್ ಪ್ರತಿ ವರ್ಷ ಕೊಡುತ್ತಿತ್ತು. ಇದೆಲ್ಲ ಇಲ್ಲಿನದೇ ದುಡ್ಡು. ಈಗ ಹಿಂದೇಟು ಹಾಕ್ತಾರೆ. ಯಾಕೆ?

ಆಡಿಟರ್: 2023ರ ಬಜೆಟ್ ತಂದ ನಿಯಮ. ಅವರು ನಿಮಗೆ ಒಂದು ಲಕ್ಷ ಕೊಟ್ಟರೆ 85,000 ಮಾತ್ರ ಅವರ ತೆರಿಗೆ ವಿನಾಯಿತಿಗೆ ಬೇಕಾದ ಖರ್ಚಾಗಿ ಲೆಕ್ಕಕ್ಕೆ ಬರುತ್ತದೆ.

ಕೋಲಾರ ಸದಸ್ಯ: ಮೇಡಂ 80ಜಿ ಅಂದ್ರೆ ಪೂರ್ತಿ…

ಆಡಿಟರ್: ಮೇಲೆ ಓದಿ.

ಹೊಳಲ್ಕೆರೆ ಮೇಷ್ಟ್ರು: ಮೇಡಂ, ಇಬ್ಬರದು ಭಾರತದ ಪಾಸ್‌ಪೋರ್ಟ್. ಒಬ್ಬರು ಅಮೆರಿಕದ ಪ್ರಜೆ, ಅವರದ್ದು ಒಂದೂವರೆ ಲಕ್ಷ. ಗುತ್ತಿಗೆದಾರರಿಗೆ ಬೇಡ ಅಂದೆ.

ಆಡಿಟರ್: ಒಳ್ಳೇದಾಯ್ತು ಮೇಷ್ಟ್ರೇ. ಖಾತೆಯಲ್ಲಿ ಒಂದೂವರೆ ಲಕ್ಷಕ್ಕಿಂತ ಕಡಿಮೆ ಆಗದಂತೆ ನೋಡಿಕೊಳ್ಳಿ. ಉಳಿದ ಎರಡೂವರೆಯನ್ನೂ ಆಡಿಟರ್‌ಗೆ ಕಾಗದ ತೋರಿಸಿದ ಮೇಲೆಯೇ ತೆಗೆಯಿರಿ. ಸದ್ಯಕ್ಕೆ ಮಕ್ಕಳನ್ನು ಆ ಕೊಠಡಿಗಳಲ್ಲಿ ಕೂರಿಸಬೇಡಿ.

ತುಮಕೂರು ಸದಸ್ಯ: ಶಿರಸಿಯವರು ನನಗೆ ಇನ್ನೂ ಕ್ಷಮೆ ಕೇಳಿಲ್ಲ.

ಅಡ್ಮಿನ್: ಇವತ್ತಿಗೆ ಕಾಮೆಂಟ್ ಬಂದ್ ಮಾಡ್ತಿದ್ದೇನೆ.